ಹೊಳಹು ನಿಮ್ಮದು, ಹಕ್ಕು ಯಾರದು?

ಎರಡನೇ ಮಹಾಯುದ್ಧದ ದಿನಗಳಲ್ಲಿ ಅಕ್ಕಿಗೆ ತತ್ವಾರ ಉಂಟಾದಾಗ, ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನ ಅಡುಗೆಮನೆಯಲ್ಲಿ ರವೆಯಿಂದ ಇಡ್ಲಿ ಮಾಡುವ ಪ್ರಯೋಗ ನಡೆಯಿತೆಂದು ಆ ಸಂಸ್ಥೆ ಹೇಳಿಕೊಂಡು ಬಂದಿದೆ. ಇಂದು ರವೆ ಇಡ್ಲಿ ಸಿಗದ ದರ್ಶಿನಿಯನ್ನು ಹುಡುಕುವುದೇ ಕಷ್ಟ. ಅದನ್ನು ಮಾಡಿ ಮಾರುವ ಯಾರೂ ಎಂ.ಟಿ.ಆರ್.ಗೆ ಒಂದು ಕಾಸನ್ನೂ ಸಲ್ಲಿಸಬೇಕಾಗಿಲ್ಲ. ಆದರೆ 2007ರಲ್ಲಿ ನಾರ್ವೆ ದೇಶದ ಆರ್ಕ್ಲಾ ಸಮೂಹವು ಎಂ.ಟಿ.ಆರ್. ಫುಡ್ಸ್ ಕಂಪನಿಯನ್ನು ಕೊಂಡಾಗ, ಅದು ಬೆಲೆ ಕಟ್ಟಿದ್ದು ಕೇವಲ ಕಟ್ಟಡ, ಯಂತ್ರಗಳಿಗಲ್ಲ. ಆ ಮೂರು ಅಕ್ಷರಗಳಿಗೆ. ಲಾಲ್‌ಬಾಗ್ ರಸ್ತೆಯ ಹೋಟೆಲು ಕುಟುಂಬದ ಇನ್ನೊಂದು ಶಾಖೆಯ ಬಳಿಯೇ ಉಳಿಯಿತು. ಕಂಪನಿಯನ್ನು ಬೆಳೆಸಿದ ಸದಾನಂದ ಮಯ್ಯ ಅವರು ಮುಂದೆ ಮತ್ತೊಂದು ಆಹಾರೋದ್ಯಮ ಕಟ್ಟಿದಾಗ ಅದಕ್ಕೆ ‘ಮಯ್ಯಾಸ್’ ಎಂಬ ಬೇರೆ ಹೆಸರೇ ಬೇಕಾಯಿತು.

ಅಂದರೆ, ಕಂಡುಹಿಡಿದದ್ದು ಊರಿನ ಪಾಲಾಯಿತು, ಹೆಸರು ಮಾತ್ರ ಆಸ್ತಿಯಾಗಿ ಉಳಿಯಿತು. ಇದರಲ್ಲಿ ಅನ್ಯಾಯವೇನೂ ಇಲ್ಲ. ಇಂದಿನ ಕಾನೂನಿನಡಿಯಲ್ಲಿಯೂ ಅಂಥದೊಂದು ಪಾಕಕ್ಕೆ ಪೇಟೆಂಟ್ ದೊರೆಯುವುದು ದುಸ್ಸಾಧ್ಯ. ದೊರೆತಿದ್ದರೆ ನಮ್ಮ ಬೆಳಗಿನ ಉಪಾಹಾರ ಅಷ್ಟರಮಟ್ಟಿಗೆ ಬಡವಾಗುತ್ತಿತ್ತು. ನಾನು ಇಲ್ಲಿ ಗಮನ ಸೆಳೆಯಬಯಸುವುದು ಬೇರೊಂದು ಸಂಗತಿಗೆ. ಉದ್ಯಮಿಯು ತನ್ನದೆಂದು ಭಾವಿಸುವುದು ಒಂದು, ಕಾನೂನು ಅವನದೆಂದು ಒಪ್ಪುವುದು ಮತ್ತೊಂದು. ಈ ಎರಡರ ನಡುವಿನ ಅಂತರವನ್ನು ಅರಿಯದೆ ಹೊಸದಾಗಿ ಉದ್ಯಮಕ್ಕೆ ಇಳಿದವರು ಪ್ರತಿವರ್ಷ ಕಳೆದುಕೊಳ್ಳುತ್ತಿರುವ ಸಂಪತ್ತು ಯಾವ ಸರ್ಕಾರಿ ಅಂಕಿಅಂಶದಲ್ಲಿಯೂ ದಾಖಲಾಗುವುದಿಲ್ಲ.

ದಾಖಲಾಗುವುದು ಪ್ರಮಾಣಪತ್ರಗಳ ಸಂಖ್ಯೆ. 2024ರ ಮಾರ್ಚ್‌ಗೆ ಕೊನೆಗೊಂಡ ಒಂದು ವರ್ಷದಲ್ಲಿ ದೇಶದ ಪೇಟೆಂಟ್ ಕಚೇರಿಯು ಒಂದು ಲಕ್ಷಕ್ಕೂ ಹೆಚ್ಚು ಪೇಟೆಂಟ್‌ಗಳನ್ನು ನೀಡಿತೆಂಬುದು ಹೆಮ್ಮೆಯಿಂದ ಸಾರಲಾದ ವಿಷಯ. ವರ್ಷಾನುಗಟ್ಟಲೆ ಕೊಳೆಯುತ್ತಿದ್ದ ಕಡತಗಳು ವಿಲೇವಾರಿಯಾದದ್ದು ಸ್ತುತ್ಯರ್ಹವೇ. ಕಡತಗಳ ನಡುವೆಯೇ ಆಯುಷ್ಯದ ಬಹುಭಾಗ ಕಳೆದ ನನ್ನಂಥವನು ಆ ಶ್ರಮವನ್ನು ಲಘುವಾಗಿ ಕಾಣಲಾರ. ಆದರೆ ಸಣ್ಣ ಉದ್ಯಮಿಯ ಬೌದ್ಧಿಕ ಆಸ್ತಿ ಉಳಿಯುವುದು ಅಥವಾ ಅಳಿಯುವುದು ಈ ಪ್ರಮಾಣಪತ್ರದ ಹಂತದಲ್ಲಿ ಅಲ್ಲ. ಅದಕ್ಕೂ ಬಹಳ ಮುಂಚೆ, ಉದ್ಯಮದ ಮೊದಲ ಕೆಲವು ತಿಂಗಳುಗಳಲ್ಲಿ, ಬರೆಯಬೇಕಾಗಿದ್ದು ಬರೆಯದೇ ಉಳಿದ ಮೂರು ನಾಲ್ಕು ಸಾಧಾರಣ ಕಾಗದಗಳಲ್ಲಿ ಅದು ನಿರ್ಧಾರವಾಗಿಬಿಡುತ್ತದೆ. ಕಳ್ಳರಿಂದ ಕಳೆದುಹೋದದ್ದಕ್ಕಿಂತ ಹೀಗೆ ಕೈಯಾರೆ ಕಳೆದುಕೊಂಡದ್ದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಅರ್ಥಶಾಸ್ತ್ರದಲ್ಲಿ ಒಂದು ಹಿನ್ನೆಲೆಯಿದೆ. ಜ್ಞಾನವೆಂಬ ಸರಕು ಉಳಿದ ಸರಕುಗಳಂತಲ್ಲ. ನನ್ನ ಚೀಲದ ಭತ್ತವನ್ನು ನೀವು ಕೊಂಡೊಯ್ದರೆ ನನ್ನ ಬಳಿ ಅದು ಇರುವುದಿಲ್ಲ. ನನ್ನ ಉಪಾಯವನ್ನು ನೀವು ತಿಳಿದುಕೊಂಡರೆ ಅದು ಇಬ್ಬರ ಬಳಿಯೂ ಇರುತ್ತದೆ. ಮುಂದೆ ನೊಬೆಲ್ ಪಡೆದ ಕೆನೆತ್ ಆರೋ 1962ರಲ್ಲಿ ಇದರೊಳಗಿನ ತೊಡಕೊಂದನ್ನು ಬಿಡಿಸಿ ತೋರಿಸಿದರು. ಮಾಹಿತಿಯನ್ನು ಕೊಳ್ಳಬಯಸುವವನು ಅದರ ಬೆಲೆಯನ್ನು ಅಂದಾಜು ಮಾಡಬೇಕಾದರೆ ಅದೇನೆಂದು ಮೊದಲು ತಿಳಿಯಬೇಕು. ತಿಳಿದ ಮೇಲೆ ಕೊಳ್ಳುವ ಅಗತ್ಯವೇ ಇಲ್ಲ, ಪುಕ್ಕಟೆಯಾಗಿ ದೊರೆತಾಯಿತಲ್ಲ! ಬಂಡವಾಳ ಹೂಡುವವರೆದುರು ತನ್ನ ಯೋಜನೆಯನ್ನು ವಿವರಿಸಲು ಕುಳಿತ ಇಪ್ಪತ್ತೈದರ ತರುಣನ ಸಂಕಟ ಇದೇ. ಹೇಳದಿದ್ದರೆ ಹಣ ಬಾರದು, ಹೇಳಿದರೆ ಹೊಳಹು ಉಳಿಯದು. ಗೋಪ್ಯತಾ ಒಪ್ಪಂದಕ್ಕೆ ಸಹಿ ಕೇಳಬಹುದು. ಆದರೆ ದಿನಕ್ಕೆ ಹತ್ತು ಯೋಜನೆಗಳನ್ನು ಕೇಳುವ ಹೂಡಿಕೆದಾರರು ಮೊದಲ ಭೇಟಿಯಲ್ಲಿಯೇ ಅಂಥ ಸಹಿ ಹಾಕಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೀಗಾಗಿ ಹೇಳುವ ಮೊದಲೇ ಮಾಡಿ ಮುಗಿಸಬೇಕಾದ ಕೆಲಸಗಳಿವೆ.

ಮೊದಲನೆಯದು, ಮಾಡಿದವರು ಯಾರು ಎಂಬ ಪ್ರಶ್ನೆ. ನಮ್ಮ ನಗರದಲ್ಲಿ ಸಾಫ್ಟ್‌ವೇರ್ ಆಧಾರಿತ ಉದ್ಯಮಗಳು ಹುಟ್ಟುವ ಬಗೆಯನ್ನು ಬಲ್ಲವರಿಗೆ ಇದು ಪರಿಚಿತ ಚಿತ್ರ: ಸ್ಥಾಪಕರು ಇಬ್ಬರು, ಕೈಯಲ್ಲಿ ಹಣ ಕಡಿಮೆ, ನೌಕರರನ್ನು ನೇಮಿಸುವ ಶಕ್ತಿಯಿಲ್ಲ, ಆದ್ದರಿಂದ ಹೊರಗಿನ ಪ್ರೋಗ್ರಾಮರ್ ಒಬ್ಬರಿಗೆ ಇಂತಿಷ್ಟು ರೂಪಾಯಿ ಎಂದು ಗೊತ್ತುಮಾಡಿ ಕೆಲಸ ಒಪ್ಪಿಸುತ್ತಾರೆ. ಹಣ ಸಂದಾಯವಾಯಿತು, ಸಾಫ್ಟ್‌ವೇರ್ ಕೈಸೇರಿತು. ಇನ್ನು ಅದು ನಮ್ಮದು ಎಂದು ಸ್ಥಾಪಕರು ನಂಬುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ನೌಕರನು ತನ್ನ ಉದ್ಯೋಗದ ಭಾಗವಾಗಿ ರಚಿಸಿದ ಕೃತಿಗೆ ಮಾಲೀಕನೇ ಮೊದಲ ಒಡೆಯ. ಆದರೆ ನೌಕರನಲ್ಲದ ಸ್ವತಂತ್ರ ವ್ಯಕ್ತಿ ಹಣ ಪಡೆದು ಬರೆದುಕೊಟ್ಟ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆದವನೇ ಒಡೆಯ. ಛಾಯಾಚಿತ್ರ, ಚಲನಚಿತ್ರ ಮೊದಲಾದ ಕೆಲವಕ್ಕೆ ವಿನಾಯಿತಿ ಉಂಟು. ಸಾಫ್ಟ್‌ವೇರ್ ಆ ಪಟ್ಟಿಯಲ್ಲಿಲ್ಲ. ಕಾಯ್ದೆಯ ದೃಷ್ಟಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಒಂದು ‘ಸಾಹಿತ್ಯ ಕೃತಿ’. ನಮ್ಮ ಸಾಹಿತಿಗಳು ಬೇಸರಿಸಬಾರದು, ಇದು ಶಾಸನದ ಮಾತು.

ಹಕ್ಕನ್ನು ಬರೆಸಿಕೊಂಡರೆ ಸಾಕೇ? ಹೇಗೆ ಬರೆಸಿಕೊಂಡಿರಿ ಎಂಬುದೂ ಮುಖ್ಯ. ಅದೇ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಕೊಡುವವನ ಸಹಿ ಇರಬೇಕು. ಎಷ್ಟು ಕಾಲಕ್ಕೆ ಎಂದು ಪತ್ರದಲ್ಲಿ ನಮೂದಿಸದಿದ್ದರೆ ಅದು ಕೇವಲ 5 ವರ್ಷಗಳಿಗೆ ಎಂದು ಭಾವಿಸಲಾಗುತ್ತದೆ. ಯಾವ ಪ್ರದೇಶಕ್ಕೆ ಎಂದು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಷರತ್ತು ಇಲ್ಲದ ಪಕ್ಷದಲ್ಲಿ, ಅದು ಬಿದ್ದುಹೋಗುತ್ತದೆ. ಬಡ ಲೇಖಕರನ್ನು ಪ್ರಕಾಶಕರ ಶೋಷಣೆಯಿಂದ ಕಾಪಾಡುವ ಸದುದ್ದೇಶದಿಂದ ಬಂದ ನಿಯಮಗಳಿವು, ಅವು ಇರಬೇಕಾದದ್ದೇ. ಆದರೆ ಆರನೇ ವರ್ಷದಲ್ಲಿ ಕಂಪನಿಯನ್ನು ಅಮೆರಿಕದ ಖರೀದಿದಾರನಿಗೆ ಮಾರಲು ಹೊರಟ ಸ್ಥಾಪಕನಿಗೆ, ತನ್ನ ಮುಖ್ಯ ಸಾಫ್ಟ್‌ವೇರಿನ ಹಕ್ಕು ಹಿಂದಿನ ವರ್ಷವೇ ಮೂಲ ಪ್ರೋಗ್ರಾಮರ್‌ಗೆ ಮರಳಿದೆಯೆಂದು, ಅಮೆರಿಕದಲ್ಲಂತೂ ಅದು ತನ್ನದಾಗಿರಲೇ ಇಲ್ಲವೆಂದು ಆ ಖರೀದಿದಾರನ ವಕೀಲರಿಂದ ತಿಳಿದುಬಂದರೆ ಹೇಗಿದ್ದೀತು? ನನಗೆ ಪರಿಚಿತ ಕುಟುಂಬವೊಂದರ ಯುವಕನಿಗೆ ಹೆಚ್ಚುಕಡಿಮೆ ಹೀಗೆಯೇ ಆಯಿತು. ಹಳೆಯ ಪ್ರೋಗ್ರಾಮರ್ ಸಜ್ಜನನಾಗಿದ್ದ; ಒಂದಿಷ್ಟು ಹಣ ಪಡೆದು ಹೊಸ ಪತ್ರಕ್ಕೆ ಸಹಿ ಹಾಕಿದ. ಎಲ್ಲರ ಅದೃಷ್ಟವೂ ಹಾಗಿರುವುದಿಲ್ಲ.

ಪೇಟೆಂಟ್ ವಿಷಯದಲ್ಲಿ ಸ್ಥಿತಿ ಇನ್ನೂ ಸೂಕ್ಷ್ಮ. 1970ರ ಪೇಟೆಂಟ್ ಕಾಯ್ದೆಯಲ್ಲಿ ನೌಕರನ ಆವಿಷ್ಕಾರ ತಾನೇ ತಾನಾಗಿ ಮಾಲೀಕನದಾಗುತ್ತದೆಂಬ ನಿಯಮವೇ ಇಲ್ಲ. ಅರ್ಜಿ ಹಾಕುವ ಹಕ್ಕು ನಿಜವಾದ ಮೊದಲ ಆವಿಷ್ಕಾರಿಗೆ ಅಥವಾ ಅವನಿಂದ ಲಿಖಿತವಾಗಿ ಹಕ್ಕು ಪಡೆದವನಿಗೆ ಮಾತ್ರ. ಆದ್ದರಿಂದಲೇ ದೊಡ್ಡ ಕಂಪನಿಗಳ ನೇಮಕಾತಿ ಪತ್ರಗಳಲ್ಲಿ ಆ ಬಗ್ಗೆ ಉದ್ದನೆಯ ಷರತ್ತುಗಳಿರುತ್ತವೆ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಹಗಲು ಕಂಪನಿಯಲ್ಲಿ ದುಡಿದು, ರಾತ್ರಿ ತನ್ನ ಕನಸಿನ ಉದ್ಯಮಕ್ಕೆ ತಳಹದಿ ಹಾಕುತ್ತಿರುವ ಎಂಜಿನಿಯರ್ ತನ್ನ ನೇಮಕಾತಿ ಪತ್ರವನ್ನು ಒಮ್ಮೆ ಹೊರತೆಗೆದು ಓದುವುದು ಒಳಿತು. ಉದ್ಯೋಗದ ಅವಧಿಯಲ್ಲಿ ಮಾಡಿದ್ದೆಲ್ಲವೂ ಕಂಪನಿಗೆ ಸೇರಿದ್ದೆಂದು ಸಹಿ ಹಾಕಿಕೊಟ್ಟದ್ದನ್ನು ಎಷ್ಟೋ ಜನ ಮರೆತೇ ಬಿಟ್ಟಿರುತ್ತಾರೆ. ಎಂಜಿನಿಯರಿಂಗ್ ಕಾಲೇಜಿನ ಅಂತಿಮ ವರ್ಷದ ಪ್ರಾಜೆಕ್ಟಿನಿಂದ ಹುಟ್ಟಿದ ಉದ್ಯಮಗಳೂ ಕಾಲೇಜಿನ ನಿಯಮಾವಳಿಯನ್ನು ಹೀಗೆಯೇ ನೋಡಿಕೊಳ್ಳಬೇಕು.

ಇನ್ನು ಗೆಳೆಯರ ಪಾಲುದಾರಿಕೆ. ಇಬ್ಬರು ಸ್ನೇಹಿತರು ಜಂಟಿ ಹೆಸರಿನಲ್ಲಿ ಪೇಟೆಂಟ್ ಪಡೆದರೆಂದು ಇಟ್ಟುಕೊಳ್ಳಿ. ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಇಬ್ಬರಿಗೂ ಸಮಪಾಲು. ಪ್ರತಿಯೊಬ್ಬನೂ ಇನ್ನೊಬ್ಬನಿಗೆ ಲೆಕ್ಕ ಒಪ್ಪಿಸದೆ ಆ ಆವಿಷ್ಕಾರವನ್ನು ತನ್ನ ಲಾಭಕ್ಕೆ ಬಳಸಬಹುದು. ಆದರೆ ಮತ್ತೊಬ್ಬನ ಒಪ್ಪಿಗೆ ಇಲ್ಲದೆ ಪರವಾನಗಿ ಕೊಡುವಂತಿಲ್ಲ, ತನ್ನ ಪಾಲನ್ನು ಮಾರುವಂತಿಲ್ಲ. ಸ್ನೇಹ ಮುರಿದ ದಿನ ಏನಾಗುತ್ತದೆಂದು ಊಹಿಸಿ. ಇಬ್ಬರೂ ಬಳಸಬಲ್ಲರು, ಯಾರೂ ಮಾರಲಾರರು. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳದ ಪಿತ್ರಾರ್ಜಿತ ಮನೆಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಂಥ ಪೇಟೆಂಟಿಗೆ ಬಂಡವಾಳ ಹೂಡಲು ಯಾರೂ ಮುಂದೆ ಬರುವುದಿಲ್ಲ. ಕಂಪನಿ ನೋಂದಣಿಯಾದ ದಿನವೇ ಇಬ್ಬರೂ ತಮ್ಮ ಹಕ್ಕುಗಳನ್ನು ಕಂಪನಿಗೆ ಬರೆದುಕೊಟ್ಟರೆ ಮುಗಿಯಿತು. ಒಂದೇ ಪುಟದ ಕಾಗದ. ಸ್ನೇಹ ಚೆನ್ನಾಗಿರುವಾಗ ಅದನ್ನು ಬರೆಯಲು ಸಂಕೋಚ, ಕೆಟ್ಟ ಮೇಲೆ ಬರೆಯಲು ಸಾಧ್ಯವಿಲ್ಲ.

ಎರಡನೆಯ ನಷ್ಟ ಉತ್ಸಾಹದಿಂದ ಆಗುವಂಥದು. ಹೊಸದನ್ನು ಮಾಡಿದವನಿಗೆ ನಾಲ್ವರಿಗೆ ತೋರಿಸುವ ಹಂಬಲ ಸಹಜ. ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ, ಯಾವುದೋ ಮೇಳದಲ್ಲಿ ಯಂತ್ರದ ಪ್ರಾತ್ಯಕ್ಷಿಕೆ ನಡೆಯುತ್ತದೆ, ಮಂತ್ರಿಗಳು ಬಂದು ಬೆನ್ನು ತಟ್ಟುತ್ತಾರೆ. ಆಮೇಲೆ ಪೇಟೆಂಟ್ ನೆನಪಾಗುತ್ತದೆ. ಆದರೆ ಪೇಟೆಂಟ್ ಸಿಗಬೇಕಾದರೆ ಅರ್ಜಿಯ ದಿನದಂದು ಆವಿಷ್ಕಾರ ಲೋಕಕ್ಕೆ ಹೊಸದಾಗಿರಬೇಕು. ಆವಿಷ್ಕಾರಿ ತಾನೇ ಬಹಿರಂಗಪಡಿಸಿದರೂ ಹೊಸತನ ಹೋದಂತೆಯೇ. ಅಮೆರಿಕದಲ್ಲಿ ಇದಕ್ಕೆ ಒಂದು ವರ್ಷದ ಉದಾರ ವಿನಾಯಿತಿ ಇದೆ. ನಮ್ಮಲ್ಲಿಯೂ 31ನೇ ಸೆಕ್ಷನ್‌ನಲ್ಲಿ 12 ತಿಂಗಳ ರಿಯಾಯಿತಿ ಇದೆಯಾದರೂ ಅದರ ಬಾಗಿಲು ಕಿರಿದು: ವಸ್ತುಪ್ರದರ್ಶನದ ಮಟ್ಟಿಗೆ ಹೇಳುವುದಾದರೆ, ಕೇಂದ್ರ ಸರ್ಕಾರ ಗೆಜೆಟ್ ಅಧಿಸೂಚನೆಯ ಮೂಲಕ ಈ ಸೌಲಭ್ಯವನ್ನು ವಿಸ್ತರಿಸಿದ ಪ್ರದರ್ಶನಗಳಿಗೆ ಮಾತ್ರ ಅದು ಅನ್ವಯ. ಕೃಷಿ ಮೇಳದಲ್ಲಿ ಅಡಿಕೆ ಸುಲಿಯುವ ಹೊಸ ಯಂತ್ರ ಇಟ್ಟ ಮಲೆನಾಡಿನ ಮೆಕ್ಯಾನಿಕ್‌ಗೆ, ತಾನು ನಿಂತಿರುವ ಮೇಳ ಗೆಜೆಟ್‌ನಲ್ಲಿದೆಯೇ ಎಂದು ವಿಚಾರಿಸಬೇಕೆಂಬುದು ಹೇಗೆ ಹೊಳೆಯಬೇಕು?

ಇದಕ್ಕೆ ಪರಿಹಾರ ದುಬಾರಿಯಲ್ಲ. ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಸಿ ದಿನಾಂಕವನ್ನು ಕಾದಿರಿಸಿಕೊಳ್ಳಬಹುದು. ಪೂರ್ಣ ವಿವರಣೆಗೆ 12 ತಿಂಗಳ ಕಾಲಾವಕಾಶ ದೊರೆಯುತ್ತದೆ. ವ್ಯಕ್ತಿಗಳಿಗೆ, ಮಾನ್ಯತೆ ಪಡೆದ ನವೋದ್ಯಮಗಳಿಗೆ ಹಾಗೂ ಸಣ್ಣ ಘಟಕಗಳಿಗೆ ಆನ್‌ಲೈನ್ ಅರ್ಜಿಯ ಸರ್ಕಾರಿ ಶುಲ್ಕ 1,600 ರೂಪಾಯಿ. ದೊಡ್ಡ ಕಂಪನಿಗಳಿಗೆ 8,000. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆಯಾದರೂ ಅಲ್ಲಿಗೆ ಹೋಗಬೇಕಾಗಿಲ್ಲ. ಇಲ್ಲಿ ಒಂದು ಎಚ್ಚರಿಕೆ: ತಾತ್ಕಾಲಿಕ ಅರ್ಜಿಯಲ್ಲಿ ವಿವರಿಸಿದಷ್ಟಕ್ಕೆ ಮಾತ್ರ ಆ ದಿನಾಂಕದ ರಕ್ಷಣೆ. ಎರಡು ಸಾಲು ಗೀಚಿ ಹಾಕಿ ನಿಶ್ಚಿಂತರಾದವರು ಆಮೇಲೆ ಪರಿತಪಿಸಿದ್ದಾರೆ. ವಿದೇಶಕ್ಕೆ ಮೊದಲು ಅರ್ಜಿ ಹಾಕುವ ಆತುರವೂ ಸಲ್ಲದು. ಭಾರತದ ನಿವಾಸಿ ಇಲ್ಲಿ ಅರ್ಜಿ ಸಲ್ಲಿಸಿ ಆರು ವಾರ ಕಾಯದೆ, ಅಥವಾ ಅನುಮತಿ ಪಡೆಯದೆ ಹೊರದೇಶದಲ್ಲಿ ಅರ್ಜಿ ಹಾಕುವುದು 39ನೇ ಸೆಕ್ಷನ್‌ಗೆ ವಿರುದ್ಧ. ಅದಕ್ಕೆ ದಂಡನೆಯೂ ಉಂಟು.

ಹಾಗೆಂದು ಎಲ್ಲದಕ್ಕೂ ಪೇಟೆಂಟ್ ಹುಡುಕಬೇಕೆಂದು ನಾನು ಹೇಳುತ್ತಿಲ್ಲ. ಪೇಟೆಂಟ್ ಎಂದರೆ ಸಮಾಜದೊಡನೆ ಒಂದು ಒಡಂಬಡಿಕೆ. ಗುಟ್ಟನ್ನು ಬಿಟ್ಟುಕೊಡಿ, 20 ವರ್ಷ ಏಕಸ್ವಾಮ್ಯ ಅನುಭವಿಸಿ ಎಂಬುದು ಅದರ ಸಾರ. ಅರ್ಜಿ ಸಾಮಾನ್ಯವಾಗಿ 18 ತಿಂಗಳಿಗೆ ಪ್ರಕಟವಾಗುತ್ತದೆ; ಜಗತ್ತಿನ ಯಾವ ಮೂಲೆಯಲ್ಲಿರುವವನೂ ಓದಬಹುದು, ನೀವು ಪೇಟೆಂಟ್ ಪಡೆಯದ ದೇಶದಲ್ಲಿ ಧಾರಾಳವಾಗಿ ಬಳಸಬಹುದು. ಉತ್ಪನ್ನವನ್ನು ಬಿಚ್ಚಿ ನೋಡಿದರೂ ತಿಳಿಯದ ಗುಟ್ಟನ್ನು ಗುಟ್ಟಾಗಿಯೇ ಇಟ್ಟುಕೊಳ್ಳುವುದು ಎಷ್ಟೋ ವೇಳೆ ಜಾಣತನ. ಬಂಡವಾಳಗಾರರೆದುರು ಮೆರೆಯಲೆಂದೇ ನಾಲ್ಕಾರು ಪೇಟೆಂಟ್ ಅರ್ಜಿಗಳನ್ನು ಗುಡ್ಡೆ ಹಾಕುವ ಇತ್ತೀಚಿನ ಖಯಾಲಿ ನನಗೆ ಹಿಡಿಸುವುದಿಲ್ಲ. ಕೇವಲ ಕಂಪ್ಯೂಟರ್ ಪ್ರೋಗ್ರಾಂ ಎನ್ನುವುದಕ್ಕೆ ನಮ್ಮ ಕಾಯ್ದೆಯಲ್ಲಿ ಪೇಟೆಂಟೇ ಇಲ್ಲವೆಂಬುದನ್ನು ಸಾಫ್ಟ್‌ವೇರ್ ತರುಣರು ಮೊದಲು ಮನಗಾಣಬೇಕು.

ಮೂರನೆಯ ಸಂಗತಿ ಕರಕುಶಲ ಮತ್ತು ಸಣ್ಣ ಉತ್ಪಾದನಾ ಕ್ಷೇತ್ರದವರಿಗೆ ಸಂಬಂಧಿಸಿದ್ದು, ನಮ್ಮಲ್ಲಿ ಅತ್ಯಂತ ಕಡಿಮೆ ಚರ್ಚೆಯಾದದ್ದು. ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಸೂಚಿಕೆಯ ರಕ್ಷಣೆ ಇದೆ. ಅದು ಊರಿಗೆ ಸೇರಿದ ಸಾಮೂಹಿಕ ಹಕ್ಕು; ಪರಂಪರೆಗೆ ಸಂದ ಮನ್ನಣೆ. ಆದರೆ ಅದೇ ಊರಿನ ಯುವತಿಯೊಬ್ಬಳು ಅರಗಿನ ಬಣ್ಣದಲ್ಲಿ ಹಿಂದೆಂದೂ ಇರದ ಆಕೃತಿಯ ಆಟಿಕೆಯೊಂದನ್ನು ರೂಪಿಸಿದರೆ, ಆ ಆಕೃತಿಯನ್ನು ಜಿಐ ಕಾಯುವುದಿಲ್ಲ. ನಾನು ಬಿಡಿಸಿದ ಚಿತ್ರ, ಕೃತಿಸ್ವಾಮ್ಯ ನನಗೇ ಇದೆ ಎಂದು ಆಕೆ ನೆಮ್ಮದಿಯಿಂದಿರುವಂತೆಯೂ ಇಲ್ಲ. ಕೃತಿಸ್ವಾಮ್ಯ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದೆ ಉಳಿದ ವಿನ್ಯಾಸವನ್ನು ಕೈಗಾರಿಕಾ ಪ್ರಕ್ರಿಯೆಯಿಂದ ಐವತ್ತಕ್ಕಿಂತ ಹೆಚ್ಚು ಬಾರಿ ತಯಾರಿಸಿದೊಡನೆ ಅದರ ಮೇಲಿನ ಕೃತಿಸ್ವಾಮ್ಯ ನಿಂತುಹೋಗುತ್ತದೆ. ಐವತ್ತೊಂದನೆಯ ಆಟಿಕೆ ಯಂತ್ರದಿಂದ ಹೊರಬಿದ್ದ ಕ್ಷಣ ಹಕ್ಕು ಕೈಜಾರುತ್ತದೆ, ಸದ್ದಿಲ್ಲದೆ! 2000ದ ವಿನ್ಯಾಸ ಕಾಯ್ದೆಯಡಿ ಮುಂಚಿತವಾಗಿ ನೋಂದಾಯಿಸಿದ್ದರೆ 10 ವರ್ಷ, ನವೀಕರಿಸಿದರೆ ಮತ್ತೆ 5 ವರ್ಷ ರಕ್ಷಣೆ ಸಿಗುತ್ತಿತ್ತು. ಕಲಾಕೃತಿ ಎಲ್ಲಿ ಮುಗಿಯುತ್ತದೆ, ವಿನ್ಯಾಸ ಎಲ್ಲಿ ಆರಂಭವಾಗುತ್ತದೆ ಎಂಬುದು ನ್ಯಾಯಾಲಯಗಳಿಗೇ ಜಟಿಲವೆನಿಸಿದ ಪ್ರಶ್ನೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕ್ರಯೋಗ್ಯಾಸ್ ಪ್ರಕರಣದಲ್ಲಿ ಇದಕ್ಕೆ ಒರೆಗಲ್ಲೊಂದನ್ನು ಒದಗಿಸಬೇಕಾಯಿತು.

ಹೆಸರಿನ ವಿಷಯಕ್ಕೆ ಬರೋಣ. ಕಂಪನಿ ನೋಂದಣಿಯಾಯಿತು, ಹೆಸರು ನಮ್ಮದಾಯಿತು ಎಂಬುದು ವ್ಯಾಪಕವಾದ ತಪ್ಪು ತಿಳಿವಳಿಕೆ. ಕಂಪನಿ ಕಾಯ್ದೆಯಡಿಯ ನೋಂದಣಿ ಬೇರೆ, 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿಯ ನೋಂದಣಿ ಬೇರೆ. ಅದಕ್ಕಿಂತ ಮುಖ್ಯವಾದದ್ದು ಆಯ್ಕೆಯ ಪ್ರಶ್ನೆ. ನಮ್ಮವರು ಹೆಸರಿಡುವಾಗ ದೇವರನ್ನೋ ಊರನ್ನೋ ಪದಾರ್ಥದ ಗುಣವನ್ನೋ ನೆನೆಯುತ್ತಾರೆ. ಉಡುಪಿ ಹೋಟೆಲ್, ಅಯ್ಯಂಗಾರ್ ಬೇಕರಿ ಎಂಬ ಹೆಸರುಗಳು ಗ್ರಾಹಕನನ್ನು ಕರೆತರುತ್ತವೆ, ನಿಜ. ಆದರೆ ಪಕ್ಕದ ಬೀದಿಯ ಇನ್ನೊಂದು ಅಯ್ಯಂಗಾರ್ ಬೇಕರಿಯನ್ನು ತಡೆಯುವ ಶಕ್ತಿ ಅವಕ್ಕಿಲ್ಲ.

ಹಾಲು ಒಕ್ಕೂಟದ ‘ನಂದಿನಿ’ಯ ಪ್ರಕರಣವನ್ನೇ ನೋಡಿ. ಕರ್ನಾಟಕ ಹಾಲು ಮಹಾಮಂಡಳವು 1985ರಿಂದ ಆ ಹೆಸರನ್ನು ಬಳಸುತ್ತಿತ್ತು. 1989ರಲ್ಲಿ ಆರಂಭವಾದ ‘ನಂದಿನಿ ಡಿಲಕ್ಸ್’ ಹೋಟೆಲಿನವರು ತಮ್ಮ ಹೆಸರನ್ನು ನೋಂದಾಯಿಸಲು ಹೊರಟಾಗ ಮಹಾಮಂಡಳ ಆಕ್ಷೇಪಿಸಿತು. ಮೇಲ್ಮನವಿ ಮಂಡಳಿ, ಕರ್ನಾಟಕ ಹೈಕೋರ್ಟ್ ದಾಟಿ ವ್ಯಾಜ್ಯ ಸುಪ್ರೀಂ ಕೋರ್ಟ್ ಮುಟ್ಟಿತು. ನಂದಿನಿ ಎಂಬುದು ಪುರಾಣದ ಗೋವಿನ ಹೆಸರು, ಯಾರೊಬ್ಬರ ಸೃಷ್ಟಿಯಲ್ಲ. ಎರಡೂ ಮುದ್ರೆಗಳ ರೂಪ ಬೇರೆ, ಸರಕುಗಳು ಬೇರೆ ಎಂದು 2018ರ ಜುಲೈನಲ್ಲಿ ನ್ಯಾಯಾಲಯ ಹೋಟೆಲಿನ ಪರವಾಗಿ ತೀರ್ಪಿತ್ತಿತು. ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಮಾತ್ರ ಹೊರಗಿಡಲಾಯಿತು. ನಾಡಿನ ಮನೆಮನೆಗೆ ತಲುಪಿದ ಹೆಸರಿಗೇ ಬೇಲಿ ಇಷ್ಟು ದೂರಕ್ಕೆ ಮಾತ್ರವೆಂದಾದರೆ, ನಿನ್ನೆ ತೆರೆದ ಅಂಗಡಿಯ ಪಾಡೇನು? ದೊಡ್ಡ ಕಂಪನಿಗಳೂ ಇದನ್ನು ಕಷ್ಟಪಟ್ಟೇ ಕಲಿತಿವೆ. ನೂಡಲ್ಸ್ ಪೊಟ್ಟಣದ ಮೇಲಿನ ‘ಮ್ಯಾಜಿಕ್ ಮಸಾಲ’ ತನ್ನದೆಂದು ಐ.ಟಿ.ಸಿ. ಸಂಸ್ಥೆ ನೆಸ್ಲೆ ವಿರುದ್ಧ ಹೂಡಿದ ದಾವೆಯಲ್ಲಿ, ‘ಮ್ಯಾಜಿಕ್’ ಎಂಬುದು ಹೊಗಳಿಕೆಯ ಸಾಮಾನ್ಯ ಪದ, ಅದಕ್ಕೆ ಏಕಸ್ವಾಮ್ಯವಿಲ್ಲ ಎಂದು ಮದ್ರಾಸ್ ಹೈಕೋರ್ಟ್ 2020ರಲ್ಲಿ ಹೇಳಿತು. ಅರ್ಥವಿಲ್ಲದ, ಸೃಷ್ಟಿಸಿದ ಹೆಸರೇ ಬಲವಾದ ಹೆಸರು. ‘ಸಿಫಿ’ ಅಂಥದೊಂದು. ಸತ್ಯಂ ಇನ್ಫೋವೇ ಸಂಸ್ಥೆ ಅದನ್ನೇ ಹೋಲುವ ಅಂತರ್ಜಾಲ ವಿಳಾಸದ ವಿರುದ್ಧ ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ಆರಂಭಿಸಿದ ಹೋರಾಟದಲ್ಲಿ, ವಿಳಾಸದ ಹೆಸರಿಗೂ ಟ್ರೇಡ್‌ಮಾರ್ಕ್‌ನಂತೆಯೇ ರಕ್ಷಣೆಯುಂಟು ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಹಕ್ಕು ಇದ್ದರಾಯಿತೇ, ಚಲಾಯಿಸುವ ತಾಕತ್ತು ಬೇಡವೇ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ದ್ವಿಚಕ್ರ ವಾಹನದ ಎಂಜಿನ್ ತಂತ್ರಜ್ಞಾನಕ್ಕಾಗಿ ಬಜಾಜ್ ಮತ್ತು ಟಿ.ವಿ.ಎಸ್. ಸಂಸ್ಥೆಗಳ ನಡುವೆ 2007ರಲ್ಲಿ ಆರಂಭವಾದ ವ್ಯಾಜ್ಯ, ಶೀಘ್ರ ಇತ್ಯರ್ಥವಾಗಲೆಂದು 2009ರಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದ ಮೇಲೂ ಎಳೆಯುತ್ತಾ ಹೋಗಿ, 2019ರಲ್ಲಿ ರಾಜಿಯಲ್ಲಿ ಕೊನೆಗೊಂಡಿತು. 20 ವರ್ಷದ ಪೇಟೆಂಟಿನಲ್ಲಿ 12 ವರ್ಷ ನ್ಯಾಯಾಲಯಕ್ಕೆ ಹೋಯಿತು. ಆನೆಗಳ ಕಾಳಗವೇ ಹೀಗಾದರೆ ಪೀಣ್ಯದ ಶೆಡ್ಡಿನ ಮಾಲೀಕ ಏನು ಮಾಡಿಯಾನು? ಆದರೂ ಕಾನೂನು ಅವನನ್ನು ಪೂರ್ತಿ ಕೈಬಿಟ್ಟಿಲ್ಲ. ಟ್ರೇಡ್‌ಮಾರ್ಕ್ ಮತ್ತು ಕೃತಿಸ್ವಾಮ್ಯದ ಮೊಕದ್ದಮೆಗಳನ್ನು ಹಕ್ಕುದಾರ ತಾನು ವಾಸಿಸುವ ಅಥವಾ ವ್ಯಾಪಾರ ಮಾಡುವ ಸ್ಥಳದಲ್ಲಿಯೇ ಹೂಡಬಹುದು. ದಾವಣಗೆರೆಯವನು ನಕಲಿಯನ್ನು ಹಿಂಬಾಲಿಸಿ ದೆಹಲಿಗೆ ಅಲೆಯಬೇಕಿಲ್ಲ. ದೊಡ್ಡ ಸಂಸ್ಥೆಗಳು ಬೆದರಿಸಲೆಂದೇ ಕಳುಹಿಸುವ ಆಧಾರರಹಿತ ನೋಟಿಸುಗಳ ವಿರುದ್ಧ ತಡೆ ಮತ್ತು ಪರಿಹಾರ ಕೇಳುವ ಅವಕಾಶವೂ ಕಾಯ್ದೆಗಳಲ್ಲಿದೆ. ಆದರೆ ಇವೆಲ್ಲಕ್ಕೂ ಬೇಕಾದದ್ದು ಆರಂಭದ ದಿನಗಳ ಕಾಗದಪತ್ರ. ಸರ್ಕಾರಿ ಸ್ವಾಮ್ಯದ ಮೈಸೂರ್ ಸ್ಯಾಂಡಲ್ ಸಾಬೂನಿನ ನಕಲು 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಪತ್ತೆಯಾದಾಗ ತ್ವರಿತ ಕ್ರಮ ಸಾಧ್ಯವಾಯಿತೆಂದರೆ, ಆ ಹೆಸರಿನ ಹಿಂದೆ ಶತಮಾನದ ಬಳಕೆಯೂ ನೋಂದಣಿಯೂ ಸರ್ಕಾರವೂ ಇದ್ದುದರಿಂದ.

ಸರ್ಕಾರಗಳು ಕೈಕಟ್ಟಿ ಕುಳಿತಿವೆ ಎನ್ನಲಾಗದು. ನವೋದ್ಯಮಗಳ ಅರ್ಜಿ ಸಿದ್ಧಪಡಿಸುವ ತಜ್ಞರ ಶುಲ್ಕವನ್ನು ಕೇಂದ್ರವೇ ಭರಿಸುವ ಯೋಜನೆ 2016ರಲ್ಲಿ ಬಂತು. ರಾಜ್ಯದ 2015ರ ನವೋದ್ಯಮ ನೀತಿ ಪೇಟೆಂಟ್ ವೆಚ್ಚದ ಮರುಪಾವತಿಗೆ ಅವಕಾಶ ಕಲ್ಪಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರವಿದೆ. ಆದರೆ ಇವೆಲ್ಲ ಅರ್ಜಿ ಹಾಕುವ ಹಂತಕ್ಕೆ ಬಂದವನಿಗೆ, ಅದರಲ್ಲೂ ಹೆಚ್ಚಾಗಿ ಬೆಂಗಳೂರಿಗೆ ಬಂದವನಿಗೆ. ಅದಕ್ಕೂ ಮೊದಲಿನ ನಷ್ಟವನ್ನು ತಡೆಯುವ ವ್ಯವಸ್ಥೆ ಇಲ್ಲ. ‘ಮರುಪಾವತಿ’ ಎಂಬ ಪದವೇ ಎಷ್ಟೋ ಜನರನ್ನು ದೂರವಿಡುತ್ತದೆ. ಮೊದಲು ಖರ್ಚು ಮಾಡಲು ಹಣ ಇದ್ದವನಿಗಲ್ಲವೇ ಮರುಪಾವತಿ!

ಮಾಡಬಹುದಾದದ್ದು ಏನೆಂದರೆ, ಪ್ರತಿ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಸಾಲದ ಅರ್ಜಿಯ ಜೊತೆಗೇ ನಾಲ್ಕು ಮಾದರಿ ಪತ್ರಗಳನ್ನು ಸರಳ ಕನ್ನಡದಲ್ಲಿ ಕೊಡುವುದು: ಹೊರಗಿನವರಿಂದ ಕೆಲಸ ಮಾಡಿಸಿಕೊಳ್ಳುವಾಗಿನ ಹಕ್ಕು ವರ್ಗಾವಣೆ ಪತ್ರ, ಸ್ಥಾಪಕರು ಕಂಪನಿಗೆ ಬರೆದುಕೊಡುವ ಪತ್ರ, ನೌಕರರ ಒಪ್ಪಂದ, ಗೋಪ್ಯತಾ ಪತ್ರ. ವಾರಕ್ಕೊಂದು ದಿನ ಬಲ್ಲವರೊಬ್ಬರು ಅಲ್ಲಿ ಕುಳಿತರೆ ಸಾಕು. ಜೊತೆಗೆ, ನಮ್ಮ ಕೃಷಿ ಮೇಳಗಳನ್ನೂ ಪ್ರಮುಖ ಕೈಗಾರಿಕಾ ಪ್ರದರ್ಶನಗಳನ್ನೂ 31ನೇ ಸೆಕ್ಷನ್ ಅಡಿಯಲ್ಲಿ ಅಧಿಸೂಚಿಸಬೇಕೆಂದು ರಾಜ್ಯ ಸರ್ಕಾರ ಕೇಂದ್ರಕ್ಕೆ ಪತ್ರ ಬರೆಯಬೇಕು. ಖಜಾನೆಗೆ ಹೊರೆಯಿಲ್ಲದ, ಹೊಸ ಶಾಸನವೂ ಬೇಕಿಲ್ಲದ ಕೆಲಸ ಇದು. ಬಹುಶಃ ಉದ್ಘಾಟನೆಗೆ ಅವಕಾಶವಿಲ್ಲದಿರುವುದೇ ಇದರ ಏಕೈಕ ದೋಷ.

ಹೊಸ ಶಾಸನ ಬೇಕಾಗಿರುವ ಕ್ಷೇತ್ರವೂ ಒಂದಿದೆ. ವ್ಯಾಪಾರದ ಗುಟ್ಟುಗಳ ರಕ್ಷಣೆಗೆ ನಮ್ಮಲ್ಲಿ ಪ್ರತ್ಯೇಕ ಕಾನೂನು ಇಲ್ಲ. ನ್ಯಾಯಾಲಯಗಳು ಒಪ್ಪಂದ ಮತ್ತು ವಿಶ್ವಾಸದ ತತ್ವಗಳ ಮೇಲೆ ನಿಭಾಯಿಸುತ್ತಾ ಬಂದಿವೆ. ಅಂಥ ಕಾನೂನು ಬೇಕೆಂದು ಕಾನೂನು ಆಯೋಗ 2024ರ ಮಾರ್ಚ್‌ನಲ್ಲಿ ತನ್ನ 289ನೇ ವರದಿಯಲ್ಲಿ ಶಿಫಾರಸು ಮಾಡಿತು. ಅದನ್ನು ಸ್ವಾಗತಿಸುತ್ತಲೇ ಒಂದು ಮಾತು ಹೇಳಬೇಕು. ಗುಟ್ಟಿನ ರಕ್ಷಣೆಯ ಹೆಸರಿನಲ್ಲಿ, ಕೆಲಸ ಬಿಟ್ಟುಹೋಗುವ ನೌಕರನ ಕಾಲಿಗೆ ಸಂಕೋಲೆ ತೊಡಿಸಲು ದೊಡ್ಡ ಸಂಸ್ಥೆಗಳು ಯತ್ನಿಸದೇ ಇರುವುದಿಲ್ಲ. ಉದ್ಯೋಗ ಬಿಟ್ಟ ಮೇಲೆ ಅದೇ ವೃತ್ತಿ ಮಾಡಕೂಡದೆಂಬ ಷರತ್ತನ್ನು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಅಸಿಂಧುವೆನ್ನುತ್ತದೆ, ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಮತ್ತೆ ಎತ್ತಿಹಿಡಿದಿದೆ. ಹೊಸ ಕಾನೂನು ಈ ಹಳೆಯ ಸೆಕ್ಷನ್ನನ್ನು ಮುಟ್ಟಬಾರದು. 1981ರಲ್ಲಿ ಇನ್ಫೋಸಿಸ್ ಕಟ್ಟಿದ ಏಳು ಮಂದಿ ಅದಕ್ಕೆ ಮುನ್ನ ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್ ಎಂಬ ಅದೇ ಕ್ಷೇತ್ರದ ಇನ್ನೊಂದು ಕಂಪನಿಯಲ್ಲಿ ಕೆಲಸದಲ್ಲಿದ್ದವರು.